ಎಲ್ಲವೂ ಒಂದೇ ಎನ್ನುವ ಆತುರ

ದೇವನೊಬ್ಬ ನಾಮ ಹಲವು ಎಂಬ ಮಾತು ನಮ್ಮ ಸಭಾಮಂಟಪಗಳಲ್ಲಿ ಎಷ್ಟು ಸಲೀಸಾಗಿ ಚಲಾವಣೆಯಾಗುತ್ತಿದೆಯೆಂದರೆ, ಅದನ್ನು ಆಡಿದವರಾಗಲಿ ಕೇಳಿ ಕೈತಟ್ಟಿದವರಾಗಲಿ ಅದರ ಅರ್ಥವನ್ನು ಒಂದು ಗಳಿಗೆಯಾದರೂ ತೂಗಿ ನೋಡಿದ ಕುರುಹು ಕಾಣುವುದಿಲ್ಲ. ಸದುದ್ದೇಶದ ಮಾತು, ಸಂದೇಹವಿಲ್ಲ. ಶಾಂತಿಸಮಿತಿಯ ಬೈಠಕ್ಕಿನಲ್ಲಿ ಅದಕ್ಕಿಂತ ನಿರಪಾಯವಾದ ಮಾತು ಬೇರೊಂದು ಸಿಕ್ಕಲಾರದು. ಆದರೆ ಪರತತ್ತ್ವವೆಂದರೇನು, ಅದು ಈ ಲೋಕದಲ್ಲಿ ಪ್ರಕಟವಾಗುವುದುಂಟೆ, ಉಂಟಾದರೆ ಎಷ್ಟು ಸಲ, ಯಾವ ರೂಪದಲ್ಲಿ ಎಂಬ ಪ್ರಶ್ನೆಗಳಿಗೆ ಮತಧರ್ಮಗಳು ಕೊಟ್ಟಿರುವ ಉತ್ತರಗಳು ಪರಸ್ಪರ ಹೊಂದುವಂಥವಲ್ಲ. ಹೊಂದುವುವೆಂದು ನಟಿಸುವುದು ಆ ಉತ್ತರಗಳಿಗಾಗಿ ಆಯುಷ್ಯವನ್ನೇ ಸವೆಸಿದವರಿಗೆ ಮಾಡುವ ಅಗೌರವ. ಈ ಭೇದಗಳನ್ನು ಮುಚ್ಚಿಡದೆಯೂ ಕೂಡಿ ಬಾಳಬಹುದೆಂಬುದಕ್ಕೆ ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ನಮ್ಮ ಗಡಿಸೀಮೆಯೇ ಸಾಕ್ಷಿಯೆಂದು ನನ್ನ ಎಣಿಕೆ.

1956ರ ನವೆಂಬರ್ 1ರವರೆಗೆ ಕೊಡಂಗಲ್ ತಾಂಡೂರುಗಳು ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು; ಜಹೀರಾಬಾದ್ ನಾರಾಯಣಖೇಡಗಳು ಬೀದರಿಗೆ ಸೇರಿದ್ದುವು. ಅನಂತರ ಅವು ಆಂಧ್ರಪ್ರದೇಶದವಾದುವು, 2014ರಲ್ಲಿ ತೆಲಂಗಾಣದವಾದುವು. ಆದರೆ ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯು ಅಂದಿನಂತೆಯೇ ಇಂದೂ ಸೇಡಂ ಸೀಮೆಯನ್ನು ಹೊಕ್ಕು, ಮಳಖೇಡದ ಕೋಟೆಯನ್ನು ಬಳಸಿ, ಭೀಮೆಯನ್ನು ಸೇರುತ್ತಿದೆ. ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಗುರುವೆಂದು ಮನ್ನಿಸಿದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಜಗತ್ತಿಗೊಬ್ಬ ಕರ್ತೃವಿರುವನೆಂಬ ವಾದವನ್ನು ಎಳೆಎಳೆಯಾಗಿ ಬಿಡಿಸಿ ನಿರಾಕರಿಸಿದರು. ಸೃಷ್ಟಿಗೆ ಮುನ್ನ ಆ ಕರ್ತೃವು ಎಲ್ಲಿದ್ದನು, ಯಾವ ಸಾಮಗ್ರಿಯಿಂದ ಇದನ್ನು ಮಾಡಿದನು, ಪೂರ್ಣನಾದವನಿಗೆ ಮಾಡಬೇಕೆಂಬ ಇಚ್ಛೆಯಾದರೂ ಏಕೆ ಹುಟ್ಟಿತು ಎಂದು ಅವರು ಎತ್ತಿದ ಪ್ರಶ್ನೆಗಳ ಮೊನೆ ಇಂದಿಗೂ ಮೊಂಡಾಗಿಲ್ಲ. ಜೈನನಿಗೆ ತೀರ್ಥಂಕರನು ಮೇಲಿನಿಂದ ಇಳಿದು ಬಂದ ದೇವನಲ್ಲ. ಕರ್ಮವನ್ನೆಲ್ಲ ಕಳಚಿ ಮೇಲೇರಿದ ಜೀವ. ಅವನು ಸಲ್ಲಿಸಿದ ಪೂಜೆಗೆ ಒಲಿಯುವವನಲ್ಲ, ತಪ್ಪಿದ ಪೂಜೆಗೆ ಮುನಿಯುವವನೂ ಅಲ್ಲ.

ಅದೇ ಊರಿನಲ್ಲಿ, ಅದೇ ಹೊಳೆಯ ದಡದಲ್ಲಿ, ಹದಿನಾಲ್ಕನೆಯ ಶತಮಾನದ ಟೀಕಾಚಾರ್ಯ ಜಯತೀರ್ಥರದೆಂದು ಉತ್ತರಾದಿ ಮಠದ ಪರಂಪರೆ ಆರಾಧಿಸಿಕೊಂಡು ಬಂದಿರುವ ಬೃಂದಾವನವಿದೆ. (ಅದರ ನೆಲೆ ಬೇರೆಡೆಯೆನ್ನುವ ಮಠಗಳೂ ಉಂಟು, ಒಂದೇ ಮತದೊಳಗೆ ಇಷ್ಟಾದರೂ ಜಗಳವಿರಬೇಡವೆ?) ‘ನ್ಯಾಯಸುಧಾ’ವನ್ನು ಬರೆದ ಆ ಯತಿಗಳ ಸಿದ್ಧಾಂತದಲ್ಲಿ ವಿಷ್ಣುವೇ ಸರ್ವೋತ್ತಮನು; ಮತ್ಸ್ಯಾದಿ ಅವತಾರಗಳಲ್ಲಿ ಮೂಲರೂಪಕ್ಕಿಂತ ಕೂದಲೆಳೆಯಷ್ಟೂ ಕೊರತೆಯಿಲ್ಲ; ಜೀವನಾದರೋ ಮುಕ್ತಿಯಲ್ಲಿಯೂ ದೇವನಾಗಲಾರನು. ಜೀವನೇ ಪರಮಾತ್ಮನಾಗಬಲ್ಲನೆಂದ ಜಿನಸೇನರನ್ನೂ ಎಂದೆಂದಿಗೂ ಆಗಲಾರನೆಂದ ಜಯತೀರ್ಥರನ್ನೂ ಒಂದೇ ವೇದಿಕೆಯ ಮೇಲೆ ಕೂಡಿಸಿ, ‘ತಾವಿಬ್ಬರೂ ಹೇಳಿದ್ದು ಒಂದೇ’ ಎಂದಿದ್ದರೆ, ಇಬ್ಬರೂ ಒಟ್ಟಿಗೇ ಎದ್ದು ಹೊರಡುತ್ತಿದ್ದರು. ಅವರ ನಡುವಣ ಮೊದಲ ಒಮ್ಮತ ಅದೇ ಆಗುತ್ತಿತ್ತೇನೋ.

ಕೊಡಂಗಲ್ಲಿನ ಮಹಾಲಕ್ಷ್ಮೀ ವೆಂಕಟೇಶ್ವರನ ಬ್ರಹ್ಮೋತ್ಸವಕ್ಕೆ ತೆಲುಗರೂ ಕನ್ನಡಿಗರೂ ನೆರೆಯುತ್ತಾರೆ. ಅಲ್ಲಿ ಗರ್ಭಗುಡಿಯ ಮೂರ್ತಿಯು ದೇವರ ಸಂಕೇತವೆಂದರೆ ಶ್ರೀವೈಷ್ಣವನು ಒಪ್ಪುವುದಿಲ್ಲ; ಅದು ದೇವರೇ, ಅರ್ಚಾವತಾರ. ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚೆ ಎಂಬ ಐದು ನೆಲೆಗಳಲ್ಲಿ ಕೊನೆಯದೇ ಮನುಷ್ಯನಿಗೆ ಸುಲಭವೆಂಬುದನ್ನು ಪಿಳ್ಳೈ ಲೋಕಾಚಾರ್ಯರು ನೀರಿನ ಹೋಲಿಕೆಯಿಂದ ತಿಳಿಸಿದ್ದಾರೆ: ಅಂತರ್ಯಾಮಿಯು ನೆಲದಾಳದ ನೀರಾದರೆ, ರಾಮಕೃಷ್ಣಾದಿ ವಿಭವಗಳು ಬಂದು ಹರಿದುಹೋದ ಹೊಳೆಯ ಪೂರ, ಅರ್ಚೆಯೋ, ಪೂರ ಇಳಿದ ಮೇಲೂ ಉಳಿದ ಮಡು. ಚೈತ್ರ ವೈಶಾಖಗಳಲ್ಲಿ ಕಾಗಿಣೆಯನ್ನು ಕಂಡವರಿಗೆ ಇದರ ವ್ಯಾಖ್ಯಾನ ಬೇಕಾಗದು. ಆದರೆ ಅಲ್ಲಿಂದ ತಾಂಡೂರಿಗೆ ಬಂದರೆ, ಕೊರಳಿನ ಕರಡಿಗೆಯೊಳಗಣ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ನಿಟ್ಟಿಸುವ ಲಿಂಗವಂತನು, ಗುಡಿಯಲ್ಲಿ ನಿಂತ ದೇವರನ್ನು ಹುಡುಕಿಕೊಂಡು ಹೋಗುವುದೇ ಅನವಶ್ಯಕವೆಂದು ಹೇಳಿಕೊಟ್ಟ ಕಲ್ಯಾಣದ ಶರಣರ ವಾರಸುದಾರನು. ಆದರೂ ಅವನು ಭದ್ರೇಶ್ವರನ ತೇರನ್ನು ಎಳೆಯುತ್ತಾನೆನ್ನುವುದು ಬೇರೆ ಮಾತು.

ಜಹೀರಾಬಾದಿನ ಸಮೀಪದ ಝರಾಸಂಗಮದಲ್ಲಿ ಇನ್ನೊಂದು ವಿಶೇಷವುಂಟು. ಆದಿಯೂ ಅಂತ್ಯವೂ ಇಲ್ಲದ ಜ್ಯೋತಿಸ್ತಂಭವಾಗಿ ಶಿವನು ನಿಂತಾಗ ಅದರ ತುದಿಯನ್ನು ಕಂಡೆನೆಂದು ಬ್ರಹ್ಮನು ಸುಳ್ಳಾಡಿದನೆಂದೂ, ಅದಕ್ಕೆ ಸಾಕ್ಷಿ ಹೇಳಿದ ಕೇದಗೆಯನ್ನು ಶಿವನು ತನ್ನ ಪೂಜೆಯಿಂದ ಬಹಿಷ್ಕರಿಸಿದನೆಂದೂ ಪುರಾಣ. ನಾಡಿನ ಶಿವಾಲಯಗಳೆಲ್ಲ ಆ ನಿಷೇಧವನ್ನು ಪಾಲಿಸುತ್ತಿರಲು, ಇಲ್ಲಿಯ ಕೇತಕಿ ಸಂಗಮೇಶ್ವರನು ಅದೇ ಮುಳ್ಳಂಚಿನ ಹೂವನ್ನು ಮುಡಿಯುತ್ತಾನೆ, ಅದನ್ನೇ ತನ್ನ ಹೆಸರಿಗೂ ಸೇರಿಸಿಕೊಂಡಿದ್ದಾನೆ. ಶಾಸ್ತ್ರಕ್ಕೆ ವಿರುದ್ಧವಲ್ಲವೇ ಎಂದು ಯಾವ ಊರಿನ ಶೈವನೂ ಇಲ್ಲಿಗೆ ಬಂದು ತಂಟೆ ತೆಗೆದಂತಿಲ್ಲ.

ಅಷ್ಟೂರಿನದು ಇವೆಲ್ಲಕ್ಕಿಂತ ತೊಡಕಿನ ಸಂಗತಿ. ಗುಲಬರ್ಗಾದಿಂದ ಬೀದರಿಗೆ ರಾಜಧಾನಿಯನ್ನು ತಂದ ಬಹಮನಿ ಸುಲ್ತಾನ ಅಹಮದ್ ಷಾ 1436ರಲ್ಲಿ ತೀರಿಕೊಂಡು ಬೀದರಿನ ಮಗ್ಗುಲ ಆ ಹಳ್ಳಿಯಲ್ಲಿ ಮಲಗಿದ್ದಾನೆ. ಗುಮ್ಮಟದ ಒಳಮೈಯಲ್ಲಿ ಹೊನ್ನಿನ ಬಣ್ಣದ ಲಿಪಿಗಳೂ ಬಳ್ಳಿಯ ಚಿತ್ರಗಳೂ ತುಂಬಿವೆ; ಆ ಲಿಪಿಗಳಲ್ಲಿ ಕಿರ್ಮಾನಿನ ಷಾ ನಿಅಮತುಲ್ಲಾ ವಲಿಯ ಸೂಫಿ ಗುರುಪರಂಪರೆಯೂ ಸೇರಿದೆ. ಮುಸಲ್ಮಾನನಿಗೆ ಅಹಮದ್ ಷಾ ಒಬ್ಬ ವಲಿ, ಅಲ್ಲಾಹನಿಗೆ ಹತ್ತಿರದವನು. ಹತ್ತಿರದವನೇ ಹೊರತು ಅಲ್ಲಾಹನ ಅವತಾರವಲ್ಲ, ಏಕೆಂದರೆ ದೇವರು ಮನುಷ್ಯನೊಳಗೆ ಇಳಿಯುವನೆಂಬುದು ಇಸ್ಲಾಮಿನಲ್ಲಿ ಸಲ್ಲದ ಮಾತು. ಲೋಕವೆಲ್ಲ ಪರತತ್ತ್ವದ ಆವಿಷ್ಕಾರವೆಂದ ಇಬ್ನ್ ಅರಬಿಯ ಸೂಫಿಮತವನ್ನು, ಅಹಮದ್ ಷಾ ಗೌರವಿಸಿದ ಗುಲಬರ್ಗಾದ ಬಂದೇ ನವಾಜರೇ ಕಟುವಾಗಿ ಖಂಡಿಸಿದ್ದರು. ಇಷ್ಟಿದ್ದೂ, ಹೋಳಿಯ ಅನಂತರದ ಅಷ್ಟೂರಿನ ಜಾತ್ರೆಗೆ ಆಳಂದ ಸೀಮೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ, ಶಂಖ ಮೊಳಗುತ್ತದೆ, ಕಾಯಿ ಒಡೆಯುತ್ತದೆ. ಅವರ ಪಾಲಿಗೆ ಅಲ್ಲಿ ಮಲಗಿದವನು ಅಲ್ಲಮಪ್ರಭು. ಮುಸಲ್ಮಾನ ಪಂಡಿತನಿಗೆ ಇದು ಸಮ್ಮತವಲ್ಲ. ಶರಣತತ್ತ್ವದ ಪಂಡಿತನಿಗೂ ಸಮ್ಮತವಲ್ಲ, ಬಯಲನ್ನೇ ನೆಚ್ಚಿದ ಅಲ್ಲಮನು ಮರಳಿ ಮೈದೊಟ್ಟು ಬರುವುದೆಂತು? ಆದರೆ ಜಾತ್ರೆಗೆ ಬಂದವರು ಪರಸ್ಪರರ ರುಜುವನ್ನು ಕೇಳುವುದಿಲ್ಲ. ‘ನೀನು ವಲಿಯೆನ್ನು, ನಾನು ಪ್ರಭುವೆನ್ನುತ್ತೇನೆ’ ಎಂಬ ಒಡಂಬಡಿಕೆಯೂ ಅವರೊಳಗೆ ಆದದ್ದಲ್ಲ. ಒಡಂಬಡಿಕೆ ಬೇಕೆಂದು ಯಾರಿಗೂ ತೋರಲಿಲ್ಲ, ಅಷ್ಟೆ.

ಎಲ್ಲವೂ ಒಂದೇ ಎಂದು ನಿಜವಾಗಿ ನಂಬಿ ನಡೆದವರೂ ನಮ್ಮಲ್ಲಿದ್ದರೆಂದು ಯಾರಾದರೂ ಮಾಣಿಕಪ್ರಭುಗಳನ್ನು ನೆನಪಿಸಬಹುದು. ನಿಜ, 1817ರಿಂದ 1865ರವರೆಗೆ ಬಾಳಿದ ಆ ಮಹನೀಯರ ಸಕಲಮತ ಸಂಪ್ರದಾಯವು ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಅವರ ಐಕ್ಯಬುದ್ಧಿಗೆ ಅದ್ವೈತದ ಅಡಿಪಾಯವಿತ್ತು, ಮತ್ತು ಅದ್ವೈತವೂ ಒಂದು ದರ್ಶನವೇ. ಮತಗಳೆಲ್ಲಕ್ಕೂ ಹೊರಗೆ ನಿಂತು ತೀರ್ಪು ಕೊಡುವ ಪೀಠವಲ್ಲ. ಸಭೆಯಲ್ಲಿ ಎಲ್ಲವೂ ಒಂದೇ ಎನ್ನುವವನು, ತನಗೆ ಅರಿವಿಲ್ಲದೆಯೇ, ಮಳಖೇಡದ ಮಾಧ್ವನನ್ನೂ ಮಸೀದಿಯ ಮೌಲ್ವಿಯನ್ನೂ ಅದ್ವೈತಕ್ಕೆ ಸೇರಿಸಿಬಿಟ್ಟಿರುತ್ತಾನೆ. 1924ರಲ್ಲಿ ಪ್ರತಿಷ್ಠಿತವಾದ ಮೆದಕಿನ ಕೆಥೆಡ್ರಲ್ಲಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಶಿಲುಬೆ, ಸ್ವರ್ಗಾರೋಹಣಗಳನ್ನು ನೋಡುವ ಕ್ರೈಸ್ತನಿಗೆ, ದೇವರು ಮನುಷ್ಯನಾದದ್ದು ಒಮ್ಮೆ, ಒಮ್ಮೆ ಮಾತ್ರ. ಹತ್ತು ಅವತಾರಗಳ ಪಟ್ಟಿಗೆ ಹನ್ನೊಂದನೆಯದಾಗಿ ಅದನ್ನು ಸೇರಿಸುವುದು ನಮಗೆ ಔದಾರ್ಯವೆನಿಸಿದರೂ ಅವನಿಗೆ ಅಪಚಾರವೆನಿಸೀತು.

ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಆವರಣದಲ್ಲಿ ರಾಘವಚೈತನ್ಯರ ಶಿವಲಿಂಗವೂ ಇದೆ. ಕೆಲವು ವರ್ಷಗಳಿಂದೀಚೆಗೆ ಅಲ್ಲಿಯ ಶಿವರಾತ್ರಿಯ ಪೂಜೆಯು ಹೈಕೋರ್ಟಿನ ಅನುಮತಿಯ ಮೇಲೆ, ಪೊಲೀಸರ ಕಾವಲಿನಲ್ಲಿ ನಡೆಯುವ ಸ್ಥಿತಿ ಬಂದಿದೆ. ಇದನ್ನು ಕಂಡು, ಭೇದವನ್ನು ನೆನಪಿಸುವುದೇ ಅಪಾಯವಲ್ಲವೇ ಎಂದು ಕೇಳುವವರಿದ್ದಾರೆ. ಭೇದವು ಹಿಂದೆಯೂ ಇದ್ದಿತು. ಹೊಸತಾಗಿ ಬಂದದ್ದು, ಒಂದು ಸ್ಥಳಕ್ಕೆ ಒಂದೇ ಹೆಸರು, ಒಂದೇ ಚರಿತ್ರೆ, ಒಬ್ಬನೇ ಒಡೆಯ ಇರಬೇಕೆಂಬ ಹಟ. ಎಲ್ಲರ ದೇವರೂ ಒಂದೇ ಆಗಿರಬೇಕೆಂಬ ಸಾಧುವಾದ ಹಟವು ಅದಕ್ಕೆ ದೂರದ ನೆಂಟನಾಗಬೇಕು.

ಗಡಿಸೀಮೆಯಲ್ಲಿ ಕನ್ನಡ ಕಲಿಸುತ್ತಿರುವ ಕೆಲವೇ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಅರಿಕೆ. ಗೋಡೆಯ ಮೇಲೆ ನಾಲ್ಕು ಮತಗಳ ಚಿಹ್ನೆಗಳನ್ನು ಬರೆಯಿಸಿ ಪಾಠ ಮುಗಿಯಿತೆನ್ನುವ ಬದಲು, ಮಕ್ಕಳನ್ನು ತಾಂಡೂರಿನಲ್ಲಿ ರೈಲು ಹತ್ತಿಸಿ, ಸೇಡಂ ದಾಟಿ ಮಳಖೇಡ ರೋಡ್ ನಿಲ್ದಾಣದಲ್ಲಿಳಿಸಿ, ಬಸದಿಯನ್ನೂ ಬೃಂದಾವನವನ್ನೂ ಒಂದೇ ದಿನ ತೋರಿಸಲಿ. ಜಿನಸೇನರು ಕೇಳಿದ್ದೇನು, ಜಯತೀರ್ಥರು ಸಾಧಿಸಿದ್ದೇನು ಎಂಬುದನ್ನು ತಿಳಿಯಹೇಳಲಿ. ಇಬ್ಬರಲ್ಲಿ ಸರಿ ಯಾರೆಂಬುದನ್ನು ಮಾತ್ರ ಮೇಷ್ಟ್ರು ಹೇಳಿಕೊಡಬಾರದು.