ಬಂದರು ಊರಿನ ಬವಣೆ: ಮಂಗಳೂರನ್ನು ಆಳುವವರು ಯಾರು?

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಅಧಿಕೃತವಾಗಿ ಮುಗಿಯಿತು. ಅದಕ್ಕೆ ತಿಂಗಳ ಮೊದಲು, ಫೆಬ್ರವರಿ ಕೊನೆಯಲ್ಲಿ, ಮಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿಯೂ ಮುಗಿದು ಅಧಿಕಾರ ಆಡಳಿತಾಧಿಕಾರಿಯ ಕೈಸೇರಿತ್ತು. ನಗರದ ರೂಪವನ್ನೇ ಬದಲಿಸುವುದಾಗಿ ಹೇಳಿಕೊಂಡು ಬಂದ ಯೋಜನೆಯ ಲೆಕ್ಕ ಒಪ್ಪಿಸುವ ದಿನ ಬಂದಾಗ, ಆ ಲೆಕ್ಕವನ್ನು ಜನರ ಪರವಾಗಿ ಕೇಳಬೇಕಾದ ಸಭೆಯೇ ಇರಲಿಲ್ಲ. ಇದು ಕಾಕತಾಳೀಯ ಇರಬಹುದು. ಆದರೆ ಕಳೆದ ಒಂದೂವರೆ ದಶಕದ ಮಂಗಳೂರಿನ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

2013ರ ಮಾರ್ಚ್‌ನಲ್ಲಿ ಪಾಲಿಕೆಗೆ ಚುನಾವಣೆ ನಡೆದು 60 ಸ್ಥಾನಗಳಲ್ಲಿ 35ನ್ನು ಕಾಂಗ್ರೆಸ್ ಗೆದ್ದಿತು. ಆದರೆ ಮೀಸಲಾತಿ ತಕರಾರಿನಿಂದಾಗಿ ಗೆದ್ದವರು ಮೇಯರ್ ಆಯ್ಕೆ ಮಾಡಲು ಒಂದು ವರ್ಷ ಕಾಯಬೇಕಾಯಿತು. 2019ರ ಮಾರ್ಚ್‌ನಲ್ಲಿ ಆ ಮಂಡಳಿಯ ಅವಧಿ ಮುಗಿದಾಗ ಮುಂದಿನ ಚುನಾವಣೆ ನಡೆಯಲಿಲ್ಲ. ಅದು ನಡೆದದ್ದು ನವೆಂಬರ್‌ನಲ್ಲಿ. ಬಿಜೆಪಿ 44, ಕಾಂಗ್ರೆಸ್ 14, ಎಸ್‌ಡಿಪಿಐ 2 ಸ್ಥಾನ ಪಡೆದವು. ಹೊಸ ಮೇಯರ್ ಗೌನು ತೊಟ್ಟಿದ್ದು 2020ರ ಫೆಬ್ರವರಿ ಅಂತ್ಯದಲ್ಲಿ. ನಂತರದ ಐದು ವರ್ಷಗಳಲ್ಲಿ ಐವರು ಮೇಯರ್‌ಗಳು ಬಂದು ಹೋದರು. ಕಡತಗಳ ಪರಿಚಯ ಆಗುವಷ್ಟರಲ್ಲಿ ಬೀಳ್ಕೊಡುಗೆ ಸಮಾರಂಭದ ದಿನ ಗೊತ್ತಾಗುವ ಹುದ್ದೆ ಅದು.

ಪಕ್ಷಗಳು ಪರಸ್ಪರ ದೂರುವುದು ವಾಡಿಕೆ. ಪಾಲಿಕೆಯಲ್ಲಿ ಅವರಿದ್ದರು, ರಾಜ್ಯದಲ್ಲಿ ನಾವಿರಲಿಲ್ಲ ಎಂಬ ಸಬೂಬು ಎಲ್ಲ ನಗರಗಳಲ್ಲೂ ಕೇಳಿಬರುತ್ತದೆ. ಮಂಗಳೂರಿನ ಮಟ್ಟಿಗೆ ಈ ಸಬೂಬು ನಿಲ್ಲುವುದಿಲ್ಲ. 2014ರಿಂದ 2018ರವರೆಗೆ ಪಾಲಿಕೆಯಲ್ಲೂ ವಿಧಾನಸೌಧದಲ್ಲೂ ಕಾಂಗ್ರೆಸ್ಸೇ ಇತ್ತು. 2020ರಿಂದ 2023ರವರೆಗೆ ಪಾಲಿಕೆ, ರಾಜ್ಯ, ಕೇಂದ್ರ ಮೂರೂ ಕಡೆ ಬಿಜೆಪಿ ಇತ್ತು. ಎರಡೂ ಪಕ್ಷಗಳಿಗೆ ಅಡೆತಡೆಯಿಲ್ಲದ ಅವಕಾಶ ಒಮ್ಮೆ ದೊರೆತಿದೆ. ಹಾಗಿದ್ದೂ ಬಂದರು ಪ್ರದೇಶದ ದಟ್ಟಣೆ, ಪಂಪ್‌ವೆಲ್‌ನ ಬಸ್ ನಿಲ್ದಾಣ, ನಂತೂರು ವೃತ್ತದ ಗೋಳು ಒಂದು ಮಂಡಳಿಯಿಂದ ಇನ್ನೊಂದಕ್ಕೆ ಹಾಗೆಯೇ ದಾಟಿ ಬಂದವು.

ಬಂದರು ಹೋದ ಮೇಲಿನ ಬಂದರು

ಈಗಿನ ತೊಡಕುಗಳ ಬೇರು 1970ರ ದಶಕದಲ್ಲಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆ ಬಾಗಿಲಿನ ಒಳಗೆ ಹಳೆಯ ಬಂದರು ಇದೆ. ಹೂಳಿನ ಕಾಟದಿಂದ ದೊಡ್ಡ ಹಡಗುಗಳು ಅಲ್ಲಿಗೆ ಬರಲಾರವು. ಹಾಗಾಗಿ ಉತ್ತರಕ್ಕೆ ಸುಮಾರು 10 ಕಿ.ಮೀ. ದೂರದ ಪಣಂಬೂರಿನಲ್ಲಿ ನವಮಂಗಳೂರು ಬಂದರು ನಿರ್ಮಾಣವಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, ಮರುವರ್ಷ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಕುದುರೆಮುಖದ ಅದಿರು, ನಂತರ ಎಂಆರ್‌ಪಿಎಲ್‌ನ ಕಚ್ಚಾತೈಲ, ಕಲ್ಲಿದ್ದಲು, ಕಾಫಿ ಎಲ್ಲವೂ ಅತ್ತ ಹೋದವು. 2023-24ರಲ್ಲಿ ಆ ಬಂದರು 4.5 ಕೋಟಿ ಟನ್‌ಗೂ ಹೆಚ್ಚು ಸರಕು ನಿರ್ವಹಿಸಿತು.

ಹಳೆಯ ಬಂದರು ಮಾತ್ರ ಸಾಯಲಿಲ್ಲ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಮಂಜಿಗಳು ಇಲ್ಲಿಂದಲೇ ಹೊರಡುತ್ತ ಬಂದಿವೆ. ಪಕ್ಕದ ದಕ್ಕೆ ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ನೆಲ್ಲಿಕಾಯಿ ರಸ್ತೆ, ಅಜೀಜುದ್ದೀನ್ ರಸ್ತೆಗಳ ಸಗಟು ಅಂಗಡಿಗಳಿಂದ ಕರಾವಳಿಯ ಅರ್ಧ ದಿನಸಿ ಸಾಗುತ್ತದೆ ಎಂದರೆ ಉತ್ಪ್ರೇಕ್ಷೆ ಆಗಲಾರದು. ಆದರೆ ಈ ರಸ್ತೆಗಳು ಎತ್ತಿನ ಗಾಡಿಯ ಕಾಲದವು. ಹತ್ತು ಚಕ್ರದ ಲಾರಿಯೊಂದು ಸರಕಿಳಿಸಲು ನಿಂತರೆ ಹಿಂದೆ ಮೀನಿನ ವಾಹನ, ಅದರ ಹಿಂದೆ ಶಾಲೆಯ ರಿಕ್ಷಾ, ಅದರ ಹಿಂದೆ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ನುಗ್ಗಲು ಹವಣಿಸುವ ಬಸ್ಸು.

ದಕ್ಕೆಯ ಸ್ಥಿತಿ ಇನ್ನೂ ಕಷ್ಟದ್ದು. ಬೋಟುಗಳ ಸಂಖ್ಯೆಗೆ ತಕ್ಕ ಜಾಗವಿಲ್ಲದೆ ಒಂದರ ಬದಿಗೆ ಒಂದು ಸಾಲುಸಾಲಾಗಿ ಕಟ್ಟಬೇಕು. ಮೂರನೇ ಹಂತದ ಜೆಟ್ಟಿ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಅಳಿವೆ ಬಾಗಿಲಿನ ಹೂಳೆತ್ತುವ ಬೇಡಿಕೆ ಪ್ರತಿ ಮಳೆಗಾಲದ ನಂತರ ಹೊಸದಾಗಿ ಏಳುತ್ತದೆ. ಹೂಳಿಗೆ ತಾಗಿ ಬೋಟು ಮಗುಚಿದರೆ ನಷ್ಟ ಒಬ್ಬ ಮಾಲೀಕನದ್ದಲ್ಲ. ಸಾಲ ಕೊಟ್ಟವರು, ಕಲಾಸಿಗಳು, ಮೀನು ಹೊತ್ತು ಮಾರುವ ಹೆಂಗಸರು ಎಲ್ಲರದ್ದು. ಆದರೂ ಸ್ಮಾರ್ಟ್ ಸಿಟಿಯ ಚರ್ಚೆಗಳಲ್ಲಿ ಹೂಳಿಗಿಂತ ಹೆಚ್ಚು ಜಾಗ ಸಿಕ್ಕಿದ್ದು ನದಿ ತೀರದ ವಾಯುವಿಹಾರ ಪಥಕ್ಕೆ.

ಹಣ ಎಲ್ಲಿ ಇಳಿಯಿತು?

2016ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಸುಮಾರು 2,000 ಕೋಟಿ ರೂ.ಗಳ ಪ್ರಸ್ತಾವ ಸಿದ್ಧವಾಗಿತ್ತು. ಕೇಂದ್ರ ಮತ್ತು ರಾಜ್ಯದಿಂದ ತಲಾ 500 ಕೋಟಿ, ಉಳಿದದ್ದು ಖಾಸಗಿ ಸಹಭಾಗಿತ್ವ ಮತ್ತು ಇತರ ಯೋಜನೆಗಳಿಂದ ಎಂಬುದು ಲೆಕ್ಕಾಚಾರ. ಕೇಂದ್ರ ಭಾಗದ ವಾರ್ಡುಗಳನ್ನೇ, ಅಂದರೆ ಬಂದರು, ಹಂಪನಕಟ್ಟೆ, ಪಾಂಡೇಶ್ವರ ಸುತ್ತಮುತ್ತಲಿನ ಪ್ರದೇಶವನ್ನೇ, ಅಭಿವೃದ್ಧಿಗೆ ಆರಿಸಿಕೊಳ್ಳಲಾಯಿತು. ಆಯ್ಕೆ ಸರಿಯಾದದ್ದೇ. ಕಾಂಕ್ರೀಟ್ ರಸ್ತೆಗಳು ಬಂದವು, ಚರಂಡಿಗಳು ಸುಧಾರಿಸಿದವು, ಹಂಪನಕಟ್ಟೆಯಲ್ಲಿ ಹಿಂದೆ ಕೆಡವಿದ್ದ ಗಡಿಯಾರ ಗೋಪುರ ಮತ್ತೆ ಎದ್ದಿತು. ಕೆಡವಿದ್ದನ್ನೇ ಕಟ್ಟುವುದು ಪುನರುಜ್ಜೀವನದ ಅತಿ ಸರಳ ವ್ಯಾಖ್ಯಾನ ಇರಬೇಕು.

ಆದರೆ ನಿರ್ಧಾರಗಳು ನಡೆದದ್ದು ಪಾಲಿಕೆಯ ಸಭಾಂಗಣದಲ್ಲಿ ಅಲ್ಲ, ಯೋಜನೆಗೆಂದೇ ಸ್ಥಾಪಿಸಿದ ಕಂಪನಿಯ ಆಡಳಿತ ಮಂಡಳಿಯಲ್ಲಿ. ಅಧಿಕಾರಿಗಳೇ ಪ್ರಧಾನವಾಗಿರುವ ಇಂಥ ಕಂಪನಿಗಳಲ್ಲಿ ಕಾರ್ಪೊರೇಟರುಗಳ ದನಿ ಕ್ಷೀಣ. ತಮ್ಮ ವಾರ್ಡಿನ ರಸ್ತೆ ಯಾವಾಗ ಅಗೆಯುತ್ತಾರೆ, ಯಾವಾಗ ಮುಚ್ಚುತ್ತಾರೆ ಎಂಬುದು ಸದಸ್ಯರಿಗೇ ತಿಳಿಯದ ಸಂದರ್ಭಗಳು ಪಾಲಿಕೆ ಸಭೆಯಲ್ಲಿ ಗದ್ದಲಕ್ಕೆ ಕಾರಣವಾದವು.

ಸೆಂಟ್ರಲ್ ಮಾರುಕಟ್ಟೆಯ ಪ್ರಕರಣ ಇದಕ್ಕೆ ಸ್ಪಷ್ಟ ನಿದರ್ಶನ. 2020ರ ಏಪ್ರಿಲ್‌ನಲ್ಲಿ ಕೋವಿಡ್ ನಿರ್ಬಂಧದ ಹೆಸರಿನಲ್ಲಿ ಮಾರುಕಟ್ಟೆ ಮುಚ್ಚಿ ಸಗಟು ವ್ಯಾಪಾರಿಗಳನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಲಾಯಿತು. ಕಟ್ಟಡ ಹಳೆಯದು, ಕೆಡವಿ ಹೊಸದು ಕಟ್ಟಬೇಕು ಎಂಬ ತೀರ್ಮಾನವೂ ಬೆನ್ನಿಗೇ ಬಂತು. ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹಳೆಯ ಕಟ್ಟಡ ಕೊನೆಗೂ ನೆಲಸಮವಾಯಿತು. ಹೊಸ ಸಂಕೀರ್ಣ ಏಳುವ ತನಕ ವ್ಯಾಪಾರಿಗಳು ಚದುರಿದರು, ಗಿರಾಕಿಗಳು ಬೇರೆ ದಾರಿ ಹಿಡಿದರು. ಕಟ್ಟಡ ಹೊಸದಾದರೂ ಗಿರಾಕಿ ತಿರುಗಿ ಬರುವನೇ ಎಂಬ ಪ್ರಶ್ನೆಗೆ ಯೋಜನಾ ವರದಿಯಲ್ಲಿ ಉತ್ತರ ಇರುವುದಿಲ್ಲ. ನೇತ್ರಾವತಿ ದಂಡೆಯಲ್ಲಿ ರೈಲ್ವೆ ಸೇತುವೆ ಬಳಿಯಿಂದ ಬೋಳಾರದ ಕಡೆಗೆ ರೂಪಿಸಿದ ವಾಯುವಿಹಾರ ಪಥವೂ ಕರಾವಳಿ ನಿಯಂತ್ರಣ ವಲಯದ ನಿಯಮಗಳ ವಿಚಾರದಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು.

ಬಸ್ಸಿನ ರಾಜಕಾರಣ

ಮಂಗಳೂರಿನ ಸಾರಿಗೆಯನ್ನು ರಾಜ್ಯದ ಇತರ ನಗರಗಳ ಅಳತೆಗೋಲಿನಿಂದ ನೋಡಿದರೆ ಅರ್ಥವಾಗದು. ಇಲ್ಲಿ ನಗರದ ಒಳಗೆ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ದಕ್ಷಿಣ ಕನ್ನಡದ ಖಾಸಗಿ ಬಸ್ ಉದ್ಯಮಕ್ಕೆ ದೀರ್ಘ ಇತಿಹಾಸವಿದೆ. ನಿಮಿಷಕ್ಕೊಂದರಂತೆ ಬಸ್ಸು ಬರುವ ಮಾರ್ಗಗಳು ಇಲ್ಲಿವೆ. ಬೆಂಗಳೂರಿನವರೂ ಅಸೂಯೆ ಪಡಬೇಕಾದ ಸೇವೆ ಅದು. ಆದರೆ ಅದೇ ಬಸ್ಸುಗಳ ನಡುವಿನ ಪೈಪೋಟಿ, ಅತಿವೇಗ, ಟೈಮಿಂಗಿಗಾಗಿ ಜಗಳ, ರಾತ್ರಿ ಒಂಬತ್ತಾದ ಮೇಲೆ ಬರಿದಾಗುವ ನಿಲ್ದಾಣ ಇವೂ ಆ ಸೇವೆಯದೇ ಇನ್ನೊಂದು ಮುಖ. ಲಾಭದ ಮಾರ್ಗದಲ್ಲಿ ಹತ್ತು ಬಸ್ಸು, ಗುಡ್ಡದ ಆಚೆಯ ಬಡಾವಣೆಗೆ ಒಂದೂ ಇಲ್ಲ.

ನರ್ಮ್ ಬಸ್ಸುಗಳೆಂದು ಜನ ಕರೆಯುವ ಕೆಎಸ್‌ಆರ್‌ಟಿಸಿಯ ನಗರ ಸಾರಿಗೆ ಬಂದಾಗ ಖಾಸಗಿ ಮಾಲೀಕರು ಪರವಾನಗಿ ವಿಚಾರದಲ್ಲಿ ವಿರೋಧ ಒಡ್ಡಿದರು. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಸಭೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಜಿಲ್ಲಾಧಿಕಾರಿಗಳು ಎರಡೂ ಕಡೆಯವರನ್ನು ಸಮಾಧಾನಪಡಿಸಿ ಕಳಿಸುವುದೇ ಹೆಚ್ಚು. ಇಷ್ಟು ದಿನ ಇದು ಮಾಲೀಕರ ಮತ್ತು ನಿಗಮದ ನಡುವಿನ ವ್ಯಾಜ್ಯವಾಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಅದರ ಸ್ವರೂಪ ಬದಲಾಯಿತು. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆಯಿತು. ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಸಿದ್ಧ ಉಡುಪಿನ ಘಟಕಕ್ಕೋ ಮನೆಗೆಲಸಕ್ಕೋ ಹೋಗುವ ಹೆಂಗಸು ನಗರ ಸಾರಿಗೆಯಲ್ಲಿ ಚೀಟಿ ಹಣವಿಲ್ಲದೆ ಓಡಾಡುತ್ತಾಳೆ. ಮಂಗಳೂರಿನಲ್ಲಿ ಅದೇ ಕೆಲಸಕ್ಕೆ ಹೋಗುವವಳ ಮಾರ್ಗದಲ್ಲಿ ಸರ್ಕಾರಿ ಬಸ್ಸೇ ಇಲ್ಲದಿದ್ದರೆ ಆಧಾರ್ ಚೀಟಿ ತೋರಿಸುವುದು ಯಾರಿಗೆ? ಒಂದೇ ರಾಜ್ಯದ ತೆರಿಗೆ, ಒಂದೇ ರಾಜ್ಯದ ಯೋಜನೆ, ಆದರೆ ಊರಿನ ಮೇಲೆ ಹಕ್ಕು ಬೇರೆ.

ಇದನ್ನು ಬಿಜೆಪಿ ಶಾಸಕರು ಸರ್ಕಾರದ ತಾರತಮ್ಯ ಎನ್ನಬಹುದು, ಕಾಂಗ್ರೆಸ್ಸಿಗರು ಮಾಲೀಕರ ಲಾಬಿ ಎನ್ನಬಹುದು. ಎರಡೂ ಪಕ್ಷಗಳ ಸ್ಥಳೀಯ ನಾಯಕರಿಗೆ ಬಸ್ ಮಾಲೀಕರೊಂದಿಗೆ ಇರುವ ಒಡನಾಟ ಗುಟ್ಟೇನಲ್ಲ. ಸಾವಿರಾರು ಚಾಲಕ, ನಿರ್ವಾಹಕರ ಅನ್ನದ ಪ್ರಶ್ನೆಯೂ ಇಲ್ಲಿದೆ. ಅದನ್ನು ಕಡೆಗಣಿಸಿ ಒಂದೇ ದಿನ ಮಾರ್ಗಗಳನ್ನು ರಾಷ್ಟ್ರೀಕರಣ ಮಾಡುವುದು ವಿವೇಕವಲ್ಲ. ಆದರೆ ಸರ್ಕಾರಿ ಬಸ್ಸಿಲ್ಲದ ಬಡಾವಣೆಗಳನ್ನು ಮೊದಲು ಗುರುತಿಸಿ ಅಲ್ಲಿಗೆ ಪರವಾನಗಿ ಕೊಡುವುದಕ್ಕೆ ಯಾರ ಅಡ್ಡಿ? ಖಾಸಗಿ ಬಸ್ಸುಗಳಲ್ಲೇ ಯೋಜನೆಯ ಚೀಟಿ ಅನ್ವಯಿಸಿ ವೆಚ್ಚ ಭರಿಸುವ ಮಾರ್ಗವನ್ನಾದರೂ ಗಂಭೀರವಾಗಿ ಪರಿಶೀಲಿಸಬೇಕಿತ್ತು.

ಹೆದ್ದಾರಿಯ ದೊರೆಗಳು

ಬಸ್ಸು ಓಡುವ ರಸ್ತೆಯೂ ಪಾಲಿಕೆಯದ್ದಲ್ಲ. ಸುರತ್ಕಲ್‌ನಿಂದ ನಂತೂರು, ಪಡೀಲ್ ಮೂಲಕ ಬಿ.ಸಿ. ರೋಡ್‌ವರೆಗಿನ ಸುಮಾರು 37 ಕಿ.ಮೀ. ಚತುಷ್ಪಥವನ್ನು ನಿರ್ಮಿಸಿದ್ದು ಬಂದರು ಸಂಪರ್ಕಕ್ಕೆಂದೇ ಹುಟ್ಟಿದ ಪ್ರತ್ಯೇಕ ಕಂಪನಿ. ಹೆದ್ದಾರಿ ಪ್ರಾಧಿಕಾರದ ಜತೆ ನವಮಂಗಳೂರು ಬಂದರು ಅದರಲ್ಲಿ ಪಾಲುದಾರ. ಬಂದರಿನ ಲಾರಿಗಾಗಿ ಮಾಡಿದ ದಾರಿಯಲ್ಲಿ ಊರಿನವರು ಸುರತ್ಕಲ್‌ನಲ್ಲಿ ಸುಂಕ ಕಟ್ಟಿದರು. ಹೆಜಮಾಡಿಯ ಸುಂಕಕಟ್ಟೆ ತೀರ ಸಮೀಪದಲ್ಲೇ ಇದ್ದರೂ ಇದು ಮುಂದುವರಿಯಿತು. ನಾಗರಿಕ ಸಂಘಟನೆಗಳ ದೀರ್ಘ ಹೋರಾಟದ ಬಳಿಕ 2022ರ ಡಿಸೆಂಬರ್ 1ರಿಂದ ಸುರತ್ಕಲ್‌ನ ವಸೂಲಿ ನಿಂತಿತು. ಕರಾವಳಿಯ ಇತ್ತೀಚಿನ ರಾಜಕೀಯದಲ್ಲಿ ಧರ್ಮ, ಜಾತಿಗಳ ಗೆರೆ ಮೀರಿ ಜನ ಸೇರಿದ ಅಪರೂಪದ ಸಂದರ್ಭ ಅದು.

ಪಂಪ್‌ವೆಲ್ ಮೇಲ್ಸೇತುವೆಯ ಕಥೆ ರಾಜ್ಯಕ್ಕೇ ಪರಿಚಿತ. ಗಡುವಿನ ಮೇಲೆ ಗಡುವು ದಾಟಿ, ಸಾಮಾಜಿಕ ಜಾಲತಾಣಗಳಲ್ಲಿ ನಗೆಪಾಟಲಾಗಿ, ಹತ್ತು ವರ್ಷಗಳ ಬಳಿಕ 2020ರ ಜನವರಿ 31ರಂದು ಅದು ಸಂಚಾರಕ್ಕೆ ತೆರೆಯಿತು. ನಂತರದ ಮಳೆಗಾಲಗಳಲ್ಲಿ ಸೇತುವೆಯ ಅಡಿಯಲ್ಲಿ ನೀರು ನಿಂತಿತು. ಅದರ ಪಕ್ಕದಲ್ಲೇ ಬಸ್ ನಿಲ್ದಾಣಕ್ಕೆಂದು ಪಾಲಿಕೆ ಗುರುತಿಸಿದ ಜಾಗವಿದೆ. ಸರ್ಕಾರಿ ಬಸ್ಸುಗಳಿಗೆ ಬಿಜೈ, ಖಾಸಗಿಗೆ ಸ್ಟೇಟ್‌ಬ್ಯಾಂಕ್, ರೈಲಿಗೆ ಸೆಂಟ್ರಲ್ ಒಂದು ಕಡೆ, ಜಂಕ್ಷನ್ ಇನ್ನೊಂದು ಕಡೆ. ಇವನ್ನೆಲ್ಲ ಹತ್ತಿರ ತರಬಹುದಾಗಿದ್ದ ಸಮಗ್ರ ನಿಲ್ದಾಣದ ಪ್ರಸ್ತಾವ ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿ ಟೆಂಡರು ಕಡತಗಳಲ್ಲಿ ಸುತ್ತಾಡಿತು.

ರೈಲಿನ ಮಾತು ತೆಗೆದರೆ ಮತ್ತೆ ಅದೇ ಹಾಡು. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು. ಹಾಸನದ ಕಡೆಯ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ಒಂದು ಊರಿಗೆ ಮೂವರು ಯಜಮಾನರು. ಹೊಸ ರೈಲು ಕೇಳಲು ಹೋದರೆ ಮೂರು ಕಡೆಯಿಂದ ಮೂರು ಉತ್ತರ.

ಕೂಳೂರಿನಲ್ಲಿ ಈ ಅಧಿಕಾರ ಹಂಚಿಕೆಗೆ ಪ್ರಾಣದ ಬೆಲೆ ತೆತ್ತ ಘಟನೆ ನಡೆಯಿತು. 1950ರ ದಶಕದ ಕಮಾನು ಸೇತುವೆ, ಅದರ ಮೇಲೆ ಬಂದರಿನ ಭಾರಿ ಲಾರಿಗಳು, ಆಚೀಚೆ ಗುಂಡಿಬಿದ್ದ ಹೆದ್ದಾರಿ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಗುಂಡಿಗೆ ಸಿಲುಕಿ ಸ್ಕೂಟರಿನಿಂದ ಬಿದ್ದ ಮಹಿಳೆಯೊಬ್ಬರು ಲಾರಿಯಡಿ ಸಿಕ್ಕಿ ಮೃತಪಟ್ಟರು. ಪ್ರತಿಭಟನೆಗಳು ನಡೆದವು. ಹೆದ್ದಾರಿ ಗುಂಡಿ ಮುಚ್ಚಿಸಲು ಅಧಿಕಾರವಿರುವ ಮೇಯರ್ ಮಂಗಳೂರಿಗೆ ಎಂದೂ ಇರಲಿಲ್ಲ. ಕನಿಷ್ಠ ಸಭೆಯಲ್ಲಿ ಎದ್ದು ಅಧಿಕಾರಿಯನ್ನು ತರಾಟೆಗೆ ತೆಗೆದುಕೊಳ್ಳಬಲ್ಲ ಕಾರ್ಪೊರೇಟರೂ ಆಗ ಇರಲಿಲ್ಲ.

ಇನ್ನು ಹೊಸ ಕನಸು ನೀರಿನ ಮೇಲಿನದು. ಕೊಚ್ಚಿಯ ಮಾದರಿಯಲ್ಲಿ ನೇತ್ರಾವತಿ, ಗುರುಪುರ ನದಿಗಳಲ್ಲಿ ಬಜಾಲ್‌ನಿಂದ ಮರವೂರಿನ ತನಕ ವಾಟರ್ ಮೆಟ್ರೋ ಓಡಿಸುವ ಪ್ರಸ್ತಾವವನ್ನು ಕರ್ನಾಟಕ ಜಲಸಾರಿಗೆ ಮಂಡಳಿ ಮುಂದಿಟ್ಟಿದೆ. ಕಲ್ಪನೆ ತಳ್ಳಿಹಾಕುವಂಥದ್ದಲ್ಲ. ಬಂದರಿನಿಂದ, ಸುಲ್ತಾನ್ ಬತ್ತೇರಿಯಿಂದ ಬೆಂಗರೆ, ತಣ್ಣೀರುಬಾವಿ ಕಡೆಗೆ ಜನ ದೋಣಿಯಲ್ಲೇ ದಾಟಿ ಬಂದವರು. ನದಿಯನ್ನು ದಾರಿಯಾಗಿ ಬಳಸುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಅದೇ ಬೆಂಗರೆಯಲ್ಲಿ ಸಾಗರಮಾಲಾ ಯೋಜನೆಯಡಿ ಸರಕು ಜೆಟ್ಟಿ ಕಟ್ಟಲು ಹೊರಟಾಗ ನಾಡದೋಣಿಯವರು ತಮ್ಮ ದಡ ಹೋಗುತ್ತದೆಂದು ವಿರೋಧಿಸಿದ್ದನ್ನು ಮಂಡಳಿ ಮರೆತಿರಲಾರದು. ಮೆಟ್ರೋ ನಿಲ್ದಾಣಗಳು ಯಾರ ದೋಣಿ ಕಟ್ಟುವ ಜಾಗದಲ್ಲಿ ಏಳುತ್ತವೆ, ದರ ಈಗಿನ ಕಡವಿನ ದೋಣಿಯವರ ದರಕ್ಕೆ ಸಮ ಇರುತ್ತದೆಯೇ, ದಡಕ್ಕೆ ಇಳಿದವರನ್ನು ಮುಂದೆ ಒಯ್ಯುವ ಬಸ್ಸು ಯಾರದ್ದು ಎಂಬ ಮೂರು ಪ್ರಶ್ನೆಗಳನ್ನು ಬೆಂಗರೆಯ ಜನ ಟೆಂಡರಿಗೆ ಮೊದಲೇ ಕೇಳಬೇಕಾಗುತ್ತದೆ. ಹಾಗೆ ಕೇಳುವುದಕ್ಕೆ ಅವರಿಗೆ ಸದ್ಯ ಇರುವ ಸುಲಭದ ವೇದಿಕೆ ಪಾಲಿಕೆಯ ಸಭೆ. ಅದರ ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸುವುದು ಯಾವ ಪಕ್ಷದ ಸರ್ಕಾರಕ್ಕೂ ಈವರೆಗೆ ತುರ್ತಿನ ಕೆಲಸವಾಗಿ ಕಂಡಿಲ್ಲ.