ತಪ್ಪು ಖಾತೆಗೆ ಜಮೆ

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದಲ್ಲ. ಬಿ.ಕಾಂ. ಮೊದಲ ವರ್ಷದಲ್ಲೇ ಇದನ್ನು ಕಲಿಸುತ್ತಾರೆ. ರಾಮಣ್ಣ ಕಟ್ಟಿದ ದುಡ್ಡನ್ನು ಭೀಮಣ್ಣನ ಖಾತೆಗೆ ಜಮೆ ಮಾಡಿದರೂ ಎರಡೂ ಕಡೆಯ ಮೊತ್ತ ಒಂದೇ ಬರುತ್ತದೆ. ಕಳೆದ ಚಳಿಗಾಲದಲ್ಲಿ ಕಾಲುಚೀಲ ಹೆಣೆಯುವುದನ್ನು ಕಲಿಯುವಾಗ ಅಂಥದೊಂದು ತಪ್ಪು ಜಮೆ ನನ್ನ ಕಣ್ಣಿಗೆ ಬಿತ್ತು.

ನಾನು ಬಳ್ಳಾರಿಯವಳು. ನಮ್ಮ ಬಿಸಿಲಿಗೆ ಉಣ್ಣೆ ಎಂದರೆ ಕುರುಬರ ಕಂಬಳಿ, ಅಷ್ಟೇ. ಶಿಕಾಗೊ ಪಕ್ಕದ ನೇಪರ್‌ವಿಲ್‌ಗೆ ಬಂದ ಮೇಲೆ, ಟ್ಯಾಕ್ಸ್ ಸೀಸನ್ನಿನಲ್ಲಿ ರಾತ್ರಿ ನಿದ್ದೆ ಬಾರದೆ, ಹೆಣಿಗೆಯ ಕಡ್ಡಿ ಹಿಡಿದೆ. ಮೇಲಂಚಿನಿಂದ ಶುರುಮಾಡಿ, ಹಿಮ್ಮಡಿ ದಾಟಿ, ಬೆರಳ ತುದಿಗೆ ಬಂದು ನಿಂತೆ. ಮುಂದಿನದು ಗೊತ್ತಿರಲಿಲ್ಲ. ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ, ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟರು.

ಎರಡು ಕಡ್ಡಿಗಳ ಮೇಲೆ ಹನ್ನೆರಡು ಹನ್ನೆರಡು ಕುಣಿಕೆ ಉಳಿದಿರುತ್ತವೆ. ಮೊಂಡು ಸೂಜಿಗೆ ಅದೇ ನೂಲು ಪೋಣಿಸಿ, ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಸೀದಾ ಹಾಕಿ ಕಳಚಬೇಕು, ಎರಡನೆಯದಕ್ಕೆ ಉಲ್ಟಾ ಹಾಕಿ ಬಿಡಬೇಕು. ಹಿಂದಿನ ಕಡ್ಡಿಯಲ್ಲಿ ಉಲ್ಟಾ ಹಾಕಿ ಕಳಚಿ, ಸೀದಾ ಹಾಕಿ ಬಿಡಬೇಕು. ಫೋನ್ ರಿಂಗಾದರೆ ಮುಗಿಯಿತು, ಎಲ್ಲಿದ್ದೆವು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಮೂರು ಸಲ ಬಿಚ್ಚಿದೆ. ನಾಲ್ಕನೆಯ ಸಲ ಎರಡೂ ಅಂಚು ಸೇರಿಹೋಗಿ, ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿದರೂ ತಿಳಿಯಲಿಲ್ಲ.

"ಇದು ಕಿಚನರ್ ಸ್ಟಿಚ್" ಎಂದರು ಅಜ್ಜಿ. ಅಡುಗೆಮನೆಗೆ ಸಂಬಂಧಪಟ್ಟದ್ದೇನೋ ಅಂದುಕೊಂಡೆ. ಅಲ್ಲ, ಲಾರ್ಡ್ ಕಿಚನರ್! 1914ರ ಭಿತ್ತಿಪತ್ರದಲ್ಲಿ ಬೆರಳು ತೋರಿಸಿ ಯುವಕರನ್ನು ಸೈನ್ಯಕ್ಕೆ ಕರೆದ ಮೀಸೆಯ ಮಂತ್ರಿ. 1902ರಿಂದ 1909ರವರೆಗೆ ನಮ್ಮ ದೇಶದಲ್ಲಿ ದಂಡನಾಯಕನಾಗಿದ್ದವನು. ಬೆರಳಿಗೆ ಒತ್ತದ ಈ ಹೊಲಿಗೆಯನ್ನು ಸೈನಿಕರಿಗಾಗಿ ಅವನೇ ಹುಡುಕಿದ ಎಂಬ ಕತೆಯೂ ಇದೆ. ಅದಕ್ಕೆ ವೋಚರ್ ಇಲ್ಲ. ಇಂಗ್ಲಿಷಿನ ಹತ್ತೊಂಬತ್ತನೆಯ ಶತಮಾನದ ಕಸೂತಿ ಹೆಣಿಗೆಯ ಪುಸ್ತಕಗಳಲ್ಲೇ 'ಗ್ರಾಫ್ಟಿಂಗ್' ಎಂಬ ಹೆಸರಿನಲ್ಲಿ ಈ ವಿದ್ಯೆ ಇದೆ. ಮಹಾಯುದ್ಧದಲ್ಲಿ ಬ್ರಿಟನ್ನಿನ, ಕೆನಡಾದ, ಈ ಅಮೆರಿಕದ ಹೆಂಗಸರು ಸೈನಿಕರಿಗೆ ರಾಶಿರಾಶಿ ಕಾಲುಚೀಲ ಹೆಣೆದರು. ಕಂದಕದ ಕೆಸರಿನಲ್ಲಿ ಕೊಳೆಯುತ್ತಿದ್ದ ಪಾದಗಳಿಗೆ ಅವು ಬೇಕೇ ಬೇಕಿದ್ದವು. ದುಡಿಮೆ ಅವರದು. ಹೆಸರು ಮಂತ್ರಿಯದು.

ಅದೂ ಎಂಥ ಮಂತ್ರಿ! ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಹೊಲಮನೆಗಳನ್ನು ಸುಡಿಸಿ, ಹೆಂಗಸರು ಮಕ್ಕಳನ್ನು ಕೂಡಿಹಾಕುವ ಶಿಬಿರಗಳನ್ನು ಬೆಳೆಸಿದವನು. ಅಲ್ಲಿ ಹಸಿವು, ದಡಾರಗಳಿಂದ 26,000ಕ್ಕೂ ಹೆಚ್ಚು ಬೋಯರರು ಸತ್ತರು, ಬಹುಪಾಲು ಮಕ್ಕಳು. ಕರಿಯರನ್ನು ಬೇರೆ ಶಿಬಿರಗಳಲ್ಲಿ ಇಟ್ಟಿದ್ದರು. ಅಲ್ಲಿ ಸತ್ತ ಸಾವಿರಾರು ಜನರ ಲೆಕ್ಕವನ್ನು ನೆಟ್ಟಗೆ ಬರೆದೂ ಇಡಲಿಲ್ಲ. ಸೆರೆಸಿಕ್ಕ ಬೋಯರ್ ಗಂಡಸರನ್ನು ಹಡಗಿನಲ್ಲಿ ತಂದು ಇಟ್ಟ ಊರುಗಳ ಪಟ್ಟಿಯಲ್ಲಿ ನನ್ನ ಬಳ್ಳಾರಿಯೂ ಇದೆ. ಗಂಡ ನಮ್ಮೂರ ಬಿಸಿಲಲ್ಲಿ, ಹೆಂಡತಿ ಮಕ್ಕಳು ಅಲ್ಲಿ ತಂತಿಬೇಲಿಯೊಳಗೆ. 1901ರಲ್ಲಿ ಆ ಶಿಬಿರಗಳ ಸ್ಥಿತಿಯನ್ನು ಇಂಗ್ಲೆಂಡಿಗೆ ತಿಳಿಸಿದ ಎಮಿಲಿ ಹಾಬ್‌ಹೌಸ್, ಯುದ್ಧ ಮುಗಿದ ಮೇಲೆ ಹೋಗಿ ಅಲ್ಲಿನ ಹುಡುಗಿಯರಿಗೆ ನೂಲುವ, ನೇಯುವ ಶಾಲೆ ತೆರೆದಳು. ಉಣ್ಣೆ ಹಿಡಿದವಳು ಅವಳು. ಹಾಗೆಂದು ಅವಳ ಹೆಸರನ್ನು ಇಡಿ ಎನ್ನುವುದಿಲ್ಲ, ಈ ಹೊಲಿಗೆ ಅವಳದೂ ಅಲ್ಲ.

ಇದನ್ನು ನಮ್ಮವರ ಒಂದು ಊಟದ ಮನೆಯಲ್ಲಿ ಹೇಳಿದೆ. "ಕಾಲುಚೀಲಕ್ಕೆ ಇಷ್ಟು ರಾದ್ಧಾಂತವೇ ಮೇಡಂ? ಹಾಗಾದರೆ ಕಬ್ಬನ್ ಪಾರ್ಕನ್ನೂ ಬದಲಾಯಿಸಿ" ಎಂದು ನಕ್ಕರು. 2014ರ ನವೆಂಬರ್ 1ರಂದು ಬೆಲ್ಲಾರಿ ಹೋಗಿ ಬಳ್ಳಾರಿ ಆದಾಗ, ಇಂಗ್ಲಿಷಿನ ಎರಡೇ ಅಕ್ಷರಕ್ಕೆ ಸಿಹಿ ಹಂಚಿದವರು ಇವರೇ! ಕಬ್ಬನ್ ಇಪ್ಪತ್ತೇಳು ವರ್ಷ ಮೈಸೂರು ಸೀಮೆಯ ಆಡಳಿತ ನಡೆಸಿದವನು. ಒಳ್ಳೆಯದೋ ಕೆಟ್ಟದ್ದೋ, ಆ ನೆಲದಲ್ಲಿ ಅವನ ಕೆಲಸವಿದೆ. ಕಿಚನರ್‌ಗೂ ಸೂಜಿಗೂ ಏನು ಸಂಬಂಧ? ಹೆಣಿಗೆಯವರು ಕೆಲವರು "ಉಣ್ಣೆಯೊಳಗೆ ರಾಜಕೀಯ ತರಬೇಡಿ" ಎನ್ನುತ್ತಾರೆ. ತಂದವಳು ನಾನಲ್ಲ. ಸೇನಾಪತಿಯ ಹೆಸರನ್ನು ಕಾಲುಚೀಲಕ್ಕೆ ಅಂಟಿಸಿದ ದಿನವೇ ಅದು ಒಳಗೆ ಬಂದಿದೆ.

ಹೊಸ ಹೆಸರು ಹುಡುಕಬೇಕಾಗಿಯೂ ಇಲ್ಲ. ಗ್ರಾಫ್ಟಿಂಗ್ ಎಂದರೆ ಕಸಿ. ಮಾವಿನ ಗಿಡಕ್ಕೆ ನಾವು ಕಟ್ಟುವುದೂ ಅದನ್ನೇ.

ಈ ಮಾರ್ಚಿನಲ್ಲಿ ಕ್ಯಾಂಟನ್‌ಗೆ ಹೋದಾಗ ತಂಗಿಯ ಮಗಳಿಗೆ ಕಲಿಸಿದೆ. ಹತ್ತು ವರ್ಷದವಳು, ನನಗಿಂತ ಬೇಗ ಕಲಿತಳು.

"ಇದರ ಹೆಸರೇನು ದೊಡ್ಡಮ್ಮ?"

"ಕಸಿ ಹೊಲಿಗೆ."

"ಕಸಿ ಅಂದ್ರೆ?"

ಸೂಜಿ ಕೆಳಗಿಟ್ಟು, ನಮ್ಮ ಹಿತ್ತಲಿನ ಮಾವಿನ ಗಿಡದಿಂದ ಶುರುಮಾಡಬೇಕಾಯಿತು.