ಪದವಿಯ ಬಳಿಕ ನೆಲೆ

ಉನ್ನತ ವ್ಯಾಸಂಗಕ್ಕೆಂದು ವಿದೇಶಕ್ಕೆ ಹೊರಡುವವರು ಪಠ್ಯಕ್ರಮದೊಡನೆ ಅಲ್ಲಿನ ವಾಸದ ಕಾನೂನನ್ನೂ ಓದಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಅಮೆರಿಕೆಯ 1990ರ ಕಾನೂನಿನಂತೆ, ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ದೊರೆಯುವ ಕಾಯಂ ವಾಸದ ಪರವಾನಗಿಗಳು ಸುಮಾರು 1,40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಇವುಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದು. ಕೆರೆ ಹಿರಿದು, ತೂಬು ಕಿರಿದು! ಆದುದರಿಂದ ಒಂದೇ ತರಗತಿಯಲ್ಲಿ ಕಲಿತು ಒಂದೇ ಪದವಿ ಪಡೆದ ಇಬ್ಬರಲ್ಲಿ ಭಾರತದಲ್ಲಿ ಹುಟ್ಟಿದವನು ಹತ್ತಾರು ವರ್ಷ ಕಾಯಬೇಕಾಗುತ್ತದೆ. ಇದನ್ನು ನ್ಯಾಯವೆನ್ನಲಾರೆವು. ಜರ್ಮನಿಯಲ್ಲಾದರೋ, ಅಲ್ಲಿಯೇ ಪದವಿ ಪಡೆದು, ತಕ್ಕ ಉದ್ಯೋಗದಲ್ಲಿ 2 ವರ್ಷ ದುಡಿದು, ಭಾಷೆಯೇ ಮೊದಲಾದ ನಿಬಂಧನೆಗಳನ್ನು ಪೂರೈಸಿದವರಿಗೆ ಕಾಯಂ ನೆಲೆಯುಂಟು.

ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ 1958ರಲ್ಲಿ ಡಾಕ್ಟರೇಟ್ ಪಡೆದ ಸಿ. ಎನ್. ಆರ್. ರಾವ್ ಅವರು ಮರುವರ್ಷವೇ ಬೆಂಗಳೂರಿಗೆ ಮರಳಿದರು. ನಮ್ಮ ಅಲ್ಲಾಳಸಂದ್ರಕ್ಕೆ ಸಮೀಪದ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನ ಕೇಂದ್ರವು ಅವರು 1989ರಲ್ಲಿ ಸ್ಥಾಪಿಸಿದ ಸಂಸ್ಥೆ. ವಿದ್ಯಾರ್ಥಿಗಳೇ, ಹೊರಡುವ ಮುನ್ನ ವರ್ಷಗಳ ಲೆಕ್ಕವನ್ನು ಮಾಡಿರಿ. ಮರಳುವ ದಾರಿಯನ್ನೂ ಗೌರವದ ದಾರಿಯೆಂದೇ ಎಣಿಸಿರಿ.